ಬೀಗದಣ್ಣನ ಎರಡು ತುಂಡಿನ ಪಾಸ್‌ವರ್ಡ್

ಕಂಪ್ಯೂಟರ್ ರಿಪೇರಿ ಮಾಡುವವರು ಊರಲ್ಲಿ ಬೇಕಾದಷ್ಟಿದ್ದರು. ರಿಪೇರಿಯಾದ ಮೇಲೆ ಮಾಲೀಕನೇ ಒಳಗೆ ಹೋಗಲು ಪರದಾಡುವಷ್ಟು ಭದ್ರ ಮಾಡುವವನು ಮಾತ್ರ ಒಬ್ಬನೇ. ಅದಕ್ಕೇ ಅವನಿಗೆ ಬೀಗದಣ್ಣ ಅಂತ ಹೆಸರು ಬಿದ್ದಿತ್ತು. ಎಲ್ಲ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡಿದ ಕಂಪ್ಯೂಟರ್ ಅವನ ಪಾಲಿಗೆ ಆಗತಾನೇ ಹುಟ್ಟಿದ ಕೂಸು. ಫೈರ್‌ವಾಲ್ ಏಳದೆ, ಆಂಟಿವೈರಸ್ ಕೂರದೆ ಅದಕ್ಕೆ ಇಂಟರ್ನೆಟ್ಟಿನ ಗಾಳಿ ಸೋಕಕೂಡದು. ನೆಟ್ಟಿನ ವೈರನ್ನು ಕಿತ್ತು ಜೇಬಿಗೆ ತುರುಕಿಕೊಂಡೇ ಕೆಲಸಕ್ಕೆ ಕೂರುತ್ತಿದ್ದ.

ಅಂಥವನಿಗೆ ಟೋಪಿ ಹಾಕಿದ್ದು ಸ್ವಂತ ಅತ್ತಿಗೆ. ಅವಳದು ಫೋಟೋ ಸ್ಟುಡಿಯೋ. ಅವತ್ತು ಶಾಲೆ ಬಿಡುವುದರೊಳಗೆ ಮಕ್ಕಳ ಗ್ರೂಪ್ ಫೋಟೋ ಹೆಡ್‌ಮಾಸ್ಟರ್ ಕೈ ಸೇರಬೇಕಿತ್ತು. ತಪ್ಪಿದರೆ ಆ ಕೆಲಸ ಇನ್ನು ಎದುರಿನ ಸ್ಟುಡಿಯೋಗೆ. ಫೋಟೋಗಳು ಪೆನ್‌ಡ್ರೈವಿನಲ್ಲಿ ಕ್ಷೇಮವಾಗಿದ್ದವು, ಕೈಕೊಟ್ಟಿದ್ದು ಕಂಪ್ಯೂಟರು. ಬೀಗದಣ್ಣ ಹಾಳಾದ ಫೈಲುಗಳನ್ನು ಸರಿಮಾಡಲು ಹೆಣಗಿ, ಆಗದೆ, ಎಲ್ಲವನ್ನೂ ಹೊಸದಾಗಿ ಹಾಕಿ ಚಹಾಕ್ಕೆ ಹೋದ. ಅಷ್ಟರಲ್ಲಿ ಅತ್ತಿಗೆ ಫೋನಿನಿಂದ ನೆಟ್ ಕೊಟ್ಟು, ಪ್ರಿಂಟರ್ ಸರಿಮಾಡುವ ಬಿಟ್ಟಿ ಸಾಫ್ಟ್‌ವೇರ್ ಇಳಿಸಿಕೊಂಡಿದ್ದಳು. ಅವನು ಬರುವಷ್ಟರಲ್ಲಿ ಪರದೆಯ ತುಂಬ ಬಹುಮಾನದ ಜಾಹೀರಾತುಗಳು ಪುಟಪುಟ ಹಾರುತ್ತಿದ್ದವು.

"ಏನತ್ತಿಗೆ ಇದು?"

"ನಂಗೆ ಕಾರು ಬಂದಿದೆಯಂತೆ ಕಣಪ್ಪ. ಎರಡು."

"ಕಾರಲ್ಲ, ಎರಡು ವೈರಸ್ಸು!"

"ನೀನು ಚಹಾ ಹೀರ್ತಾ ಕೂತ್ರೆ ನಾನು ಕೈಕಟ್ಟಿ ಕೂರ್ಬೇಕಾ?"

ಹಲ್ಲು ಕಡಿಯುತ್ತಾ ಬೀಗದಣ್ಣ ಮತ್ತೆ ಮೊದಲಿನಿಂದ ಶುರುಮಾಡಿದ. ಈ ಸಲ ಅತ್ತಿಗೆ ತನ್ನ ಕೆಲಸವನ್ನಷ್ಟೇ ಮಾಡಬಹುದಾದ ಖಾತೆ ಮಾಡಿಕೊಟ್ಟ. ಹೊಸದೇನನ್ನಾದರೂ ಹಾಕಬೇಕೆಂದರೆ ಬೇರೆ ಪಾಸ್‌ವರ್ಡ್ ಬೇಕು. ಅದರ ಮೊದಲರ್ಧ ಅತ್ತಿಗೆಯದು, ಉಳಿದರ್ಧ ಅವನ ತಾಯಿಯದು. ಆ ಅತ್ತೆ ಸೊಸೆ ಮಾತು ಬಿಟ್ಟು ತಿಂಗಳುಗಳೇ ಆಗಿದ್ದವು. ಅತ್ತೆ ಕಣ್ಣು ಮುಚ್ಚಿಕೊಂಡಿದ್ದ ಫೋಟೋವನ್ನೇ ಸೊಸೆ ದೊಡ್ಡದು ಮಾಡಿ ಅಂಗಡಿಯ ಗಾಜಿಗೆ ಅಂಟಿಸಿದ್ದಳು, ಜಗಳ ಅದಕ್ಕೇ. ಇವರಿಬ್ಬರೂ ಒಪ್ಪಿ ವೈರಸ್ ಕರೆಯುವುದು ಈ ಜನ್ಮದಲ್ಲಿಲ್ಲ ಅಂತ ಬೀಗದಣ್ಣನ ಲೆಕ್ಕ.

ಅಂಗಡಿಯ ಹಿಂದಿದ್ದ ಮನೆಯಿಂದ ತಾಯಿಯನ್ನು ಕರೆತಂದು, ಇಬ್ಬರೂ ಒಪ್ಪಿದರಷ್ಟೇ ಹೊಸದು ಹಾಕಬಹುದು ಎಂದು ಹೇಳಿ, ಒಬ್ಬೊಬ್ಬರು ಟೈಪ್ ಮಾಡುವಾಗಲೂ ಗೋಡೆಗೆ ಮುಖಮಾಡಿ ನಿಂತ. ಬೇರೆಯವರ ಪಾಸ್‌ವರ್ಡ್ ನೋಡುವುದೆಂದರೆ ಅವನಿಗೆ ಪಾಪ.

ತಾಯಿ ಮನೆಗೆ ಹೋಗಿ ಅಡ್ಡಾದಳು. ಬೀಗದಣ್ಣ ಪ್ರಿಂಟ್ ಒತ್ತಿದ, ಏನೂ ಬರಲಿಲ್ಲ. ಬೀಗ ಹಾಕುವ ಭರದಲ್ಲಿ ಪ್ರಿಂಟರನ್ನು ನಡೆಸುವ ಸಾಫ್ಟ್‌ವೇರು, ಆ ಡ್ರೈವರನ್ನೇ ಹಾಕಿರಲಿಲ್ಲ! ಈಗ ಅದನ್ನು ಹಾಕಲು ತಾಯಿಯ ಅರ್ಧವೂ ಬೇಕು.

"ಅವಳೇ ಬಂದು ಕರೀಲಿ," ತಾಯಿ ಮಗ್ಗುಲು ಬದಲಿಸಿದಳು.

"ಶಾಲೆ ಬಿಡೋ ಹೊತ್ತಾಯ್ತಮ್ಮಾ!"

"ಬಿಡ್ಲಿ. ನಾನೇನು ಓದ್ಬೇಕಾ?"

ಅವನು ಅಂಗಡಿಗೂ ಮನೆಗೂ ಓಡಾಡಿ ಬೆವರಿಳಿಸಿದ ಮೇಲೆ ಅತ್ತಿಗೆಯೇ ಎದ್ದು ಬಂದು ಬಾಗಿಲಲ್ಲಿ ನಿಂತಳು.

"ಅತ್ತೆ, ಗಾಜಿನ ಮೇಲಿನ ಫೋಟೋ ತೆಗೀತೀನಿ. ಬನ್ನಿ."

"ತೆಗೆದು ಯಾರ್ದು ಹಾಕ್ತೀಯ?"

"ನಿಮ್ದೇ. ಹೊಸದು ತೆಗೆದು."

ತಾಯಿ ಚಪ್ಪಲಿ ಮೆಟ್ಟಿದಳು.

ಅತ್ತಿಗೆ ಅರ್ಧ ಒತ್ತಿದಳು, ತಾಯಿ ಇನ್ನರ್ಧ. ಬೀಗದಣ್ಣ ಡ್ರೈವರ್ ಹಾಕಿದ್ದೇ ತಡ, ಪ್ರಿಂಟರ್ ಗೊರಗೊರ ಎನ್ನುತ್ತಾ ಮಕ್ಕಳನ್ನು ಸಾಲುಸಾಲಾಗಿ ಹೊರಗೆ ಕಳಿಸಿತು. ಬಿಸಿ ಆರದ ಫೋಟೋ ಹಿಡಿದು ಅವನು ಓಡಿದ. ಹೆಡ್‌ಮಾಸ್ಟರ್ ಲಕೋಟೆ ಬಿಚ್ಚುತ್ತಿದ್ದಾಗ ಶಾಲೆ ಬಿಡುವ ಗಂಟೆ ಹೊಡೆಯಿತು.

ಗೆದ್ದ ಖುಷಿಯಲ್ಲಿ ಹಿಂದಿರುಗಿದರೆ ಸ್ಟುಡಿಯೋ ತುಂಬ ನಗು. ಅತ್ತೆ ಸೊಸೆ ಒಂದೇ ಸ್ಟೂಲಿನ ಮೇಲೆ ಒತ್ತಿಕೊಂಡು ಕೂತಿದ್ದರು. ಪರದೆಯ ಮೇಲೆ ಮತ್ತೆ ಬಹುಮಾನದ ಜಾಹೀರಾತುಗಳು ಪುಟಪುಟ ಹಾರುತ್ತಿದ್ದವು.

"ಮುಖದ ಸುಕ್ಕು ತೆಗೆಯೋ ಸಾಫ್ಟ್‌ವೇರ್ ಕಣೋ, ಬಿಟ್ಟಿ!" ಅಂದಳು ತಾಯಿ. "ಯಾಕೋ ಮುಖ ಹಾಗ್ಮಾಡ್ತೀಯ? ಇಬ್ರೂ ಒಪ್ಪಿದ್ರೆ ಸಾಕು ಅಂತ ನೀನೇ ಹೇಳ್ಲಿಲ್ವಾ?"