ಮಣಮಣ ಓದುವವರ ವರಾಂಡ

ಚಿಕ್ಕಬಾಣಾವರದ ರೈಲು ಹಳಿಗೆ ಬೆನ್ನು ಹಾಕಿ ನಿಂತ ಒಂದು ಸರ್ಕಾರಿ ಶಾಲೆಯಲ್ಲಿ ಗೌಹರ್ ಟೀಚರ್ ಹನ್ನೊಂದು ವರ್ಷದಿಂದ ಐದನೇ ತರಗತಿಗೆ ಪಾಠ ಹೇಳುತ್ತಿದ್ದರು. ಮಕ್ಕಳಿಗೆ ಅವರೆಂದರೆ ಭಯವೂ ಇತ್ತು, ಸಲುಗೆಯೂ ಇತ್ತು. ಆ ಜೂನ್‌ನಲ್ಲಿ ಅವರು ಬೀರುವಿನ ಬೀಗ ತೆಗೆಸಿ, ಧೂಳು ಹಿಡಿದಿದ್ದ ಕಥೆಪುಸ್ತಕಗಳನ್ನೆಲ್ಲ ಹೊರಗೆ ತೆಗೆದರು. ದಿನಾ ಪ್ರಾರ್ಥನೆಯಾದ ಮೇಲೆ ಇಪ್ಪತ್ತು ನಿಮಿಷ ಮಕ್ಕಳು ತಮಗೆ ಬೇಕಾದ್ದನ್ನು ತಾವೇ ಓದಿಕೊಳ್ಳಬೇಕು. ಪ್ರಶ್ನೆಯಿಲ್ಲ, ನೋಟ್ಸ್ ಇಲ್ಲ.

ಮೊದಲ ವಾರ ರಣರಂಗ. ನಲವತ್ತೊಂದು ಮಕ್ಕಳು, ಆನೆ ಚಿತ್ರದ ಪುಸ್ತಕ ಒಂದೇ. ಆರಿಸುವ ಜಗಳದಲ್ಲೇ ಕಾಲು ಗಂಟೆ ಕಳೆದುಹೋಗುತ್ತಿತ್ತು. ಟೀಚರ್ ಹಳೆ ಚೂಡಿದಾರಗಳನ್ನು ಕತ್ತರಿಸಿ ಮಗುವಿಗೊಂದು ಚೀಲ ಹೊಲಿದು ತಂದರು. ಸೋಮವಾರ ಎರಡು ಪುಸ್ತಕ ಆರಿಸಿ ಚೀಲಕ್ಕೆ ಹಾಕಿಕೊಂಡರೆ ಮುಗಿಯಿತು, ಶನಿವಾರದವರೆಗೆ ಯಾರೂ ಬೀರುವಿನ ಹತ್ತಿರ ಸುಳಿಯಬಾರದು. ಓದುವಾಗ ಮಾತಾಡುವಂತಿಲ್ಲ, ತುಟಿಯನ್ನೂ ಅಲುಗಿಸುವಂತಿಲ್ಲ.

ಆಗಸ್ಟ್ ಹೊತ್ತಿಗೆ ತರಗತಿ ಎಷ್ಟು ಶಾಂತವಾಯಿತೆಂದರೆ, ತುಮಕೂರು ಕಡೆಯ ಗಾಡಿ ಹೋದ ಮೇಲೆ ಫ್ಯಾನಿನ ಕಿರಕಿರ ಕೇಳುತ್ತಿತ್ತು. ಮುಖ್ಯೋಪಾಧ್ಯಾಯರಾದ ಸುಬ್ರಮಣಿ ಬಾಗಿಲಲ್ಲಿ ನಿಂತು, "ಏನ್ ಟೀಚರ್, ಮಂತ್ರ ಗಿಂತ್ರ ಹಾಕ್ಬಿಟ್ರಾ?" ಎಂದರು. ಟೀಚರ್‌ಗೆ ಒಳಗೊಳಗೇ ಹೆಮ್ಮೆ.

ಹಿಂದಿನ ಬೆಂಚಿನ ಮಲ್ಕಾಳ ಚೀಲದಲ್ಲಿ ಮಾತ್ರ ನಾಲ್ಕು ವಾರದಿಂದ ಅವೇ ಎರಡು ಪುಸ್ತಕ.

"ಇನ್ನೂ ಇವೇನಾ?"

"ಓದ್ತಾ ಇದೀನಿ ಮಿಸ್."

"ಓದ್ತಿಲ್ಲ, ಹಾಳೆ ತಿರುಗಿಸ್ತಿದೀಯ. ನನ್ಗೆ ಗೊತ್ತಾಗಲ್ವಾ?"

ಹುಡುಗಿ ತಲೆ ತಗ್ಗಿಸಿದಳು.

ಅಂದು ಮಧ್ಯಾಹ್ನ ಕೈ ತೊಳೆಯಲು ಹೋದ ಟೀಚರ್‌ಗೆ ನೀರಿನ ಟ್ಯಾಂಕಿನ ಹಿಂದಿನಿಂದ ದನಿಯೊಂದು ಕೇಳಿಸಿತು. ಇಣುಕಿದರೆ ಮಲ್ಕಾ. ಬೆರಳಿಟ್ಟುಕೊಂಡು ಮಣಮಣ ಓದುತ್ತಿದ್ದಾಳೆ, ಒಂದು ಸಾಲು ಮುಗಿದದ್ದೇ ಅದನ್ನು ಮನೆಮಾತು ದಖ್ಖನಿಯಲ್ಲಿ ತನಗೆ ತಾನೇ ಹೇಳಿಕೊಂಡು ನಗುತ್ತಿದ್ದಾಳೆ.

"ಇದನ್ನ ಕ್ಲಾಸಲ್ಲಿ ಓದ್ಬಾರ್ದಾ?"

ಮಲ್ಕಾ ಬೆಚ್ಚಿ ಎದ್ದು ನಿಂತಳು. "ಬಾಯಲ್ಲಿ ಹೇಳಿದ್ರೇನೇ ಕಥೆ ಬರೋದು ಮಿಸ್. ಬಾಯಿ ಮುಚ್ಕೊಂಡ್ರೆ ಬರೀ ಅಕ್ಷರ ಕಾಣ್ತವೆ."

ಗೌಹರ್ ಟೀಚರ್ ಏಳನೆಯವರೆಗೆ ಉರ್ದು ಶಾಲೆಯಲ್ಲಿ ಓದಿ ಎಂಟನೆಯದಕ್ಕೆ ಕನ್ನಡ ಶಾಲೆಗೆ ಬಿದ್ದವರು. ಅಮ್ಮ ಹೊಲಿಗೆ ಯಂತ್ರ ತುಳಿಯುವುದನ್ನೇ ಕಾದು, ಆ ಕಟಕಟ ಸದ್ದಿನ ಮರೆಯಲ್ಲಿ ಪಾಠಗಳನ್ನು ಗಟ್ಟಿಯಾಗಿ ಓದಿಕೊಂಡವರು. ಈಗಲೂ ಇಲಾಖೆಯ ಸುತ್ತೋಲೆ ಕೈಗೆ ಬಂದರೆ ಅವರ ತುಟಿ ಅಲುಗುತ್ತದೆ. ಇಷ್ಟಾದರೂ ಆ ನಿಯಮ ಮಾಡಿದ್ದು ತಾನೇ ಎಂದು ನೆನೆದು ಅವರಿಗೆ ನಾಚಿಕೆಯಾಯಿತು.

ಮರುದಿನ ಎಲ್ಲರೆದುರು ಹೇಳಿದರು: "ನಿನ್ನೆ ಮಲ್ಕಾಗೆ ಬೈದಿದ್ದು ನನ್ ತಪ್ಪು. ಗಟ್ಟಿಯಾಗಿ ಓದ್ಬೇಕು ಅನ್ಸೋರು ವರಾಂಡಕ್ಕೆ ಬನ್ನಿ."

ಒಬ್ಬರೂ ಏಳಲಿಲ್ಲ. ಟೀಚರ್ ತಾವೇ ಒಂದು ಪುಸ್ತಕ, ಒಂದು ಚಾಪೆ ಹಿಡಿದು ಹೊರಗೆ ಹೋದರು. ಒಳಗಿನವರೂ ಕಾಣುವಂತೆ ಬಾಗಿಲ ಪಕ್ಕದಲ್ಲೇ ಕೂತು ಮಣಮಣ ಶುರು ಮಾಡಿದರು. ಸ್ವಲ್ಪ ಹೊತ್ತಿಗೆ ಮಲ್ಕಾ ಬಂದಳು. ಅವಳ ಹಿಂದೆ ಜೀಷಾನ್, ನಾಗೇಶ್. ವಾರದಲ್ಲಿ ಹತ್ತು ಜನವಾದರು.

ಸುಬ್ರಮಣಿ ಗಾಬರಿಯಿಂದ ಬಂದರು. "ಇದೇನ್ರೀ, ಸಂತೆ ಥರ! ಯಾರಾದ್ರೂ ಸಾಹೇಬ್ರು ಬಂದ್ರೆ ಏನಂತಾರೆ?"

"ಮಕ್ಳು ಓದ್ತಿದಾರೆ ಅಂತಾರೆ ಸಾರ್. ಕಿವಿಗೇ ಕೇಳಿಸುತ್ತಲ್ಲ."

ಅವರು ಕಂಬಕ್ಕೊರಗಿ ನಿಂತರು. ನಾಗೇಶ್ ಒಂದು ಪದಕ್ಕೆ ಮೂರು ಸಲ ಮುಗ್ಗರಿಸಿ ನಾಲ್ಕನೆಯ ಸಲ ದಾಟಿಕೊಂಡ. ಅದನ್ನು ಕೇಳಿಯೇ ಸುಬ್ರಮಣಿ ತಮ್ಮ ಕೋಣೆಗೆ ಮರಳಿದರು.

ಫೆಬ್ರವರಿ ಹೊತ್ತಿಗೆ ಆರು ಮಕ್ಕಳು ತಾವಾಗಿಯೇ ಒಳಗಿನ ಬೆಂಚಿಗೆ ಮರಳಿದ್ದರು. ಮಲ್ಕಾ ಮಾತ್ರ ವರ್ಷ ಮುಗಿಯುವವರೆಗೂ ವರಾಂಡ ಬಿಡಲಿಲ್ಲ. ಕೆಲವರು ಹದಿನೈದು ಪುಸ್ತಕ ಓದಿದ್ದರು, ಅವಳದು ನಾಲ್ಕು. ಯಾರು ಎಷ್ಟು ಓದಿದರೆಂದು ಟೀಚರ್ ಬೋರ್ಡಿನ ಮೇಲೆ ಬರೆಯಲಿಲ್ಲ. ಆ ನಾಲ್ಕನ್ನೂ ಅವಳು ಎಲ್ಲಿಂದ ಕೇಳಿದರೂ ಹೇಳಬಲ್ಲಳು.

ಮುಂದಿನ ಜೂನ್‌ನಲ್ಲಿ ನಾಲ್ಕನೇ ತರಗತಿಯ ಶಾಂತಲಾ ಟೀಚರ್ ಬಂದು, "ನನ್ ಕ್ಲಾಸಲ್ಲೂ ಗಟ್ಟಿಯಾಗಿ ಓದೋರು ಎಂಟು ಜನ ಇದಾರೆ ಕಣ್ರೀ, ಬೆಳಿಗ್ಗೆ ವರಾಂಡ ನಮ್ಗೆ ಬಿಡಿ" ಎಂದರು. ಎರಡು ದಿನ ಜಗ್ಗಾಡಿ ಕೊನೆಗೆ ಗೌಹರ್ ಟೀಚರ್ ಒಪ್ಪಿ, ತಮ್ಮ ಓದನ್ನು ಊಟದ ನಂತರಕ್ಕೆ ಹಾಕಿಕೊಂಡರು. ಆ ಹೊತ್ತಿಗೆ ಅಲ್ಲಿ ಬಿಸಿಲು. ಅದು ಮೈಗೆ ಬಂದಂತೆಲ್ಲ ಮಕ್ಕಳು ಚಾಪೆಯನ್ನು ಗೋಡೆಯ ಕಡೆ ಎಳೆದುಕೊಳ್ಳುತ್ತಾ ಓದುತ್ತಾರೆ.