ಈರಮ್ಮಕ್ಕ ನೆಟ್ಟಗೆ ನಡೆದಳು

ಗೆಳೆಯರೇ, ಇವತ್ತು ಆಂಧ್ರದ ಆದೋನಿಯ ಆಸ್ಪತ್ರೆಯಲ್ಲಿ ಈರಮ್ಮಕ್ಕ ಮತ್ತೆ ಚೆನ್ನಾಗಿ ನಡೆದುಬಿಟ್ಟಳು.

ಗೋನೆಗಂಡ್ಲದ ನಮ್ಮ ದೊಡ್ಡಮ್ಮನ ಮಗಳು. ಚಿಕ್ಕಂದಿನಲ್ಲೇ ಎಡಗಾಲಿಗೆ ಪೋಲಿಯೊ. ಹೋದ ಸಲದ ತಪಾಸಣೆಯಲ್ಲಿ ಊನ ಕಡಿಮೆ ಎಂದು ಬರೆದು, ಅಂಗವಿಕಲರ ಪಿಂಚಣಿ ನಿಲ್ಲಿಸುವುದಾಗಿ ತಿಳಿಸಿದ್ದರು. ಅವಳಿಗೆ ಬೇರೆ ಆಸರೆಯಿಲ್ಲ. ಮೇಲ್ಮನವಿ ಹಾಕಿಸಿದವಳು ನಾನು. ಇವತ್ತು ಮರುಪರೀಕ್ಷೆ.

ಆಟೋದಲ್ಲಿ ದಾರಿಯುದ್ದಕ್ಕೂ ಹೇಳಿದ್ದೆ: “ಅಕ್ಕಾ, ಮನ್ಯಾಗ ತೊಡಿ ಒತ್ತಿ ಹಿಡಕೊಂಡು ನಡೀತಿಯಲ್ಲ, ಅಲ್ಲೂ ಹಂಗ ನಡಿ.”

“ಆತು ಬಿಡವ್ವ, ಕುಂಟಾಕ ನನಗ ನೀ ಕಲಸ್ತೀಯೇನು?” ಎಂದು ನಕ್ಕಳು.

ಡಾಕ್ಟರು ತೆಲುಗಿನಲ್ಲಿ ಮರ್ಯಾದೆಯಿಂದಲೇ “ನಡವಂಡಮ್ಮಾ”, ನಡೆಯಿರಮ್ಮಾ, ಎಂದರು. ಅಕ್ಕ ಸೆರಗು ಹೊದ್ದು, ತೊಡೆಯ ಮೇಲಿನ ಕೈ ತೆಗೆದು, ತುಟಿ ಕಚ್ಚಿಕೊಂಡು ಗೋಡೆಯವರೆಗೆ ನೆಟ್ಟಗೆ ನಡೆದಳು. “ಬಾಗಾನೇ ನಡುಸ್ತಾರು ಕದಮ್ಮಾ”, ಚೆನ್ನಾಗೇ ನಡೆಯುತ್ತೀರಲ್ಲಮ್ಮಾ, ಎಂದು ಮೆಚ್ಚಿ, ಅವರು ಹಳೆಯ ತೀರ್ಮಾನವನ್ನೇ ಉಳಿಸಿದರು.

ಹೊರಗೆ ಕಟ್ಟೆಯ ಮೇಲೆ ಕುಸಿದು ಕಾಲು ತಿಕ್ಕಿಕೊಳ್ಳುತ್ತಿದ್ದವಳನ್ನು ಬೈದೆ. ಬೈಯಬಾರದಿತ್ತು.

“ಏನ್ ಮಾಡ್ಲಿ ತಂಗಿ? ಹೆಣ್ಣು ನೋಡಾಕ ಬಂದೋರೆಲ್ಲ ‘ನಾಕು ಹೆಜ್ಜಿ ನಡಿಯಮ್ಮ’ ಅಂತಿದ್ರು. ನಮ್ಮವ್ವ ಬಾಗಲಾ ಹಿಂದ ನಿಂತು ‘ಕೈ ತಗಿ, ಕೈ ತಗಿ’ ಅಂತಿದ್ಲು. ಈಗ್ಲೂ ಯಾರರ ನಡಿ ಅಂದ್ರ ಸಾಕು, ಕೈ ತಾನ ಬಿಡತೈತಿ.”

ಬಂದ ಗಂಡುಗಳು ಯಾರೂ ಆ ನಡಿಗೆಯನ್ನು ನಂಬಲಿಲ್ಲ. ಅಕ್ಕನಿಗೆ ಮದುವೆಯಾಗಲಿಲ್ಲ. ದೊಡ್ಡಮ್ಮ ಇಂದು ಇದ್ದಿದ್ದರೆ ಹೇಳಬಹುದಿತ್ತು: ಕೊನೆಗೂ ಒಬ್ಬರು ಒಪ್ಪಿದರು.