ತುಪ್ಪವಿಲ್ಲದ ಬಾಣಂತನ

ಪಕ್ಕದ ಮನೆಯಲ್ಲಿ ಬೆಣ್ಣೆ ಕಾಯಿಸುತ್ತಿದ್ದಾರೆ. ಈ ವಾಸನೆಗೆ ನಿಮಗೆ ಹಬ್ಬ ನೆನಪಾಗಬಹುದು. ನನಗೆ ನೆನಪಾಗುವುದು ಒಂದು ಕಳ್ಳತನ.

ಆಗ ದೇವನಹಳ್ಳಿಯ ಏರ್‌ಪೋರ್ಟ್ ಶುರುವಾಗಿ ಎರಡು ಮೂರು ವರ್ಷ. ಕುಂದಾಣದ ನಮ್ಮ ಮನೆ ಮೇಲೆ ವಿಮಾನ ಹೋದಾಗಲೆಲ್ಲ ಅತ್ತೆ ಕೂಸಿನ ಕಿವಿ ಮುಚ್ಚುತ್ತಿದ್ದರು. ನನಗೆ ಅಮ್ಮ ಇರಲಿಲ್ಲ, ಬಾಣಂತನ ಅತ್ತೆಯದೇ. ಎರಡು ಹಸು ಸಾಕಿದ್ದ ಅವರು ಪ್ರೀತಿಯನ್ನು ಬಾಯಲ್ಲಿ ಹೇಳಿದವರಲ್ಲ, ತುಪ್ಪದಲ್ಲಿ ಬಡಿಸುವವರು.

ಮಗಳಿಗೆ ತಿಂಗಳು ತುಂಬುವ ಹೊತ್ತಿಗೆ ಮಲದಲ್ಲಿ ರಕ್ತದ ಎಳೆ ಕಾಣಿಸಿತು. ದೇವನಹಳ್ಳಿಯ ಮಕ್ಕಳ ಡಾಕ್ಟರು ನೋಡಿ, "ಎದೆಹಾಲು ನಿಲ್ಲಿಸ್ಬೇಡಿ. ನೀವು ತಗೊಳ್ಳೋ ಹಸುವಿನ ಹಾಲಿನ ಅಂಶ ಅದ್ರಲ್ಲಿ ಸೇರಿ ಮಗೂಗೆ ಒಗ್ತಿಲ್ಲ ಅನ್ಸುತ್ತೆ. ಹಾಲು, ಮೊಸರು, ತುಪ್ಪ ಬಿಟ್ಟು ನೋಡೋಣ" ಎಂದರು.

"ಹಾಲು ಕುಡೀದಿದ್ರೆ ಹಾಲೆಲ್ಲಿಂದ ಬರ್ತದೆ ಡಾಕ್ಟ್ರೇ?" ಅತ್ತೆ ಅಷ್ಟೇ ಕೇಳಿದ್ದು. ಮಾರನೇ ದಿನದಿಂದ ನನಗೆ ಬೇರೆ ಪಾತ್ರೆಯಲ್ಲಿ ಸೊಪ್ಪಿನ ಸಾರು, ಮುದ್ದೆ, ಎಳ್ಳುಂಡೆ. ಎರಡು ವಾರದೊಳಗೆ ರಕ್ತ ನಿಂತಿತು.

ಒಂದು ಮಧ್ಯಾಹ್ನ ಅತ್ತೆ ಹುಲ್ಲಿಗೆ ಹೋಗಿದ್ದಾಗ ಮೊಸರಿನ ಕುಡಿಕೆ ಮುಂದೆ ಕೂತೆ. ಒಂದೇ ಚಮಚ ಎಂದುಕೊಂಡಿದ್ದೆ. ತಳ ಕಂಡಾಗಲೇ ಎಚ್ಚರವಾದದ್ದು.

ಎರಡು ದಿನಕ್ಕೆ ಮತ್ತೆ ರಕ್ತ. ಗಂಡ ಸಿಡುಕಿದರು: "ಅಮ್ಮಾ, ಸಾರಿಗೆ ತುಪ್ಪ ಹಾಕಿದ್ಯಾ? ನಿಜ ಹೇಳು."

ಅತ್ತೆ ನನ್ನ ಕಡೆ ನೋಡಲೂ ಇಲ್ಲ. "ಕೈ ತಪ್ಪಿರ್ಬೋದು ಕಣಪ್ಪಾ" ಎಂದು ಕೊಟ್ಟಿಗೆಗೆ ಹೋದರು.

ನಾನೂ ಹಿಂದೆಯೇ ಹೋಗಿ, "ಮೊಸರು ತಿಂದಿದ್ದು ನಾನು ಅತ್ತೆ" ಎಂದೆ.

"ಗೊತ್ತು ಕಣಮ್ಮಾ. ಕುಡಿಕೆ ತೊಳೆದಿದ್ದು ನಾನೇ ಅಲ್ವಾ?"

"ಮತ್ತೆ ನಿಮ್ಮ ಮೇಲ್ಯಾಕೆ ಹಾಕ್ಕೊಂಡ್ರಿ?"

"ಬಾಣಂತಿ ಬೈಸ್ಕೊಂಡು ಕೊರಗಿದ್ರೆ ಹಾಲು ಬತ್ತೋಯ್ತದೆ. ನನ್ನಲ್ಲಿ ಬತ್ತೋಕೆ ಇನ್ನೇನೈತೆ?"

ಸಂಜೆ ಗಂಡನಿಗೂ ನಿಜ ಹೇಳಿ ಬೈಸಿಕೊಂಡೆ. ಹಾಲೇನೂ ಬತ್ತಲಿಲ್ಲ. ಅತ್ತೆ ಮಾತ್ರ ಅವತ್ತಿನಿಂದ ತಾವೂ ಮೊಸರು ಮುಟ್ಟಲಿಲ್ಲ, ನನಗೆ ಆಸೆ ಹುಟ್ಟದಿರಲಿ ಎಂದು. ಮಗಳಿಗೆ ವರ್ಷವಾದ ಮೇಲೆ, ಡಾಕ್ಟರು ಹೇಳಿದಂತೆ ಹಸುವಿನ ಹಾಲನ್ನು ಕೊಂಚ ಕೊಂಚವೇ ಕೊಟ್ಟು ನೋಡಿದೆವು, ಒಗ್ಗಿತು.

ಇದೆಲ್ಲ ನೆನೆಯಲು ಇನ್ನೊಂದು ಕಾರಣವೂ ಇದೆ. ಬೆಳಗ್ಗೆ ಆವತಿಯಿಂದ ಗಂಡನ ಅಕ್ಕನ ಮಗಳು ಫೋನ್ ಮಾಡಿ ಅತ್ತಳು. ಅವಳ ಕೂಸಿಗೂ ಇದೇ ತೊಂದರೆ, ಅವಳಿಗೂ ಇದೇ ಪಥ್ಯ. ನಿನ್ನೆ ಪೇಡ ತಿಂದುಬಿಟ್ಟಿದ್ದಾಳೆ, ಮನೆಯವರೆಲ್ಲ ಬೈದಿದ್ದಾರೆ. ನನ್ನ ನಾಲಿಗೆಗೂ ಬುದ್ಧಿಮಾತು ಬಂತು. ನುಂಗಿಕೊಂಡು, "ಡಾಕ್ಟ್ರಿಗೆ ಹೇಳು, ಪಥ್ಯ ಮತ್ತೆ ಶುರು ಮಾಡು. ಈಗ ನೀನೇನು ಉಂಡೆ, ಅದು ಹೇಳು" ಎಂದೆ.

ಆ ಕಡೆ ಅಳು ನಿಂತಿತು.

"ನಿನ್ನೆಯಿಂದ ಯಾರೂ ಕೇಳಿರ್ಲಿಲ್ಲ ಅತ್ತೆ" ಎಂದಳು.